ಕಟ್ಟಡ ತನ್ನದು, ನೆಲ ಸರ್ಕಾರದ್ದು: ದೆಹಲಿಯ ಎಕ್ಸ್‌ಪ್ರೆಸ್ ಭವನ ಮತ್ತು ಗುತ್ತಿಗೆ ನಿವೇಶನದ ಕಾನೂನು

ನವದೆಹಲಿಯ ಐ.ಟಿ.ಓ. ವೃತ್ತದಿಂದ ಹಳೆಯ ನಗರದ ದೆಹಲಿ ಗೇಟ್‌ನತ್ತ ಸಾಗುವ ಬಹಾದುರ್ ಷಾ ಜಫರ್ ಮಾರ್ಗವು ಉದ್ದದಲ್ಲಿ ಹೇಳಿಕೊಳ್ಳುವಂತಹ ರಸ್ತೆಯಲ್ಲ. ಆದರೂ ದೇಶದ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವಿದೆ. ಟೈಮ್ಸ್ ಆಫ್ ಇಂಡಿಯಾ, ಇಂಡಿಯನ್ ಎಕ್ಸ್‌ಪ್ರೆಸ್, ನ್ಯಾಷನಲ್ ಹೆರಾಲ್ಡ್, ಪೇಟ್ರಿಯಟ್, ಮಿಲಾಪ್, ಪ್ರತಾಪ್, ತೇಜ್ ಮುಂತಾದ ಪತ್ರಿಕೆಗಳ ಕಚೇರಿ ಮತ್ತು ಮುದ್ರಣಾಲಯಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತದ್ದು ಇಲ್ಲಿಯೇ. ಈ ಸಾಲಿನಲ್ಲಿ 9 ಮತ್ತು 10ನೇ ಸಂಖ್ಯೆಯ ನಿವೇಶನಗಳ ಮೇಲಿರುವ ಎಕ್ಸ್‌ಪ್ರೆಸ್ ಭವನವು ಪತ್ರಿಕಾ ಸ್ವಾತಂತ್ರ್ಯದ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ಆದರೆ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಈ ಕಟ್ಟಡದ ಕಥೆಯನ್ನು ಗಮನಿಸಬೇಕಾದುದು ಮತ್ತೊಂದು ಕಾರಣಕ್ಕಾಗಿ. ಕಟ್ಟಡವನ್ನು ಕಟ್ಟಿದ್ದು ಪತ್ರಿಕಾ ಸಂಸ್ಥೆ. ಅದು ನಿಂತಿರುವ ನೆಲ ಭಾರತ ಸರ್ಕಾರದ್ದು. ಸರ್ಕಾರಿ ಅಥವಾ ಅರೆಸರ್ಕಾರಿ ಸಂಸ್ಥೆಯಿಂದ ಗುತ್ತಿಗೆಗೆ ಪಡೆದ ನಿವೇಶನದ ಮೇಲೆ ಕಾರ್ಖಾನೆ ಅಥವಾ ಗೋದಾಮು ಕಟ್ಟಿಕೊಂಡ ಪ್ರತಿಯೊಬ್ಬ ಉದ್ಯಮಿಯ ಸ್ಥಿತಿಯೂ ಇದೇ ಆಗಿದೆ.

ಪತ್ರಿಕೆಗಳು ನಗರದ ನಡುವೆ ಇಷ್ಟು ದುಬಾರಿ ನೆಲವನ್ನು ಏಕೆ ಬಯಸಿದವು ಎಂಬುದಕ್ಕೆ ಶುದ್ಧ ವ್ಯಾಪಾರಿ ಕಾರಣವಿತ್ತು. ಪತ್ರಿಕೆಯು ಒಂದೇ ರಾತ್ರಿಯಲ್ಲಿ ತಯಾರಾಗಿ, ಬೆಳಗಾಗುವುದರೊಳಗೆ ಮಾರಾಟವಾಗಬೇಕಾದ ಸರಕು. ಮಧ್ಯಾಹ್ನದ ವೇಳೆಗೆ ಅದರ ಬೆಲೆ ರದ್ದಿಯ ಬೆಲೆ. ಅಚ್ಚಿನ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ದಿನಗಳಲ್ಲಿ ಸಂಪಾದಕರ ಮೇಜು ಮತ್ತು ಮುದ್ರಣ ಯಂತ್ರ ಒಂದೇ ಸೂರಿನಡಿ ಇರಬೇಕಾಗಿತ್ತು. ಸಚಿವಾಲಯಗಳು ಹತ್ತಿರವಿರಬೇಕು, ರೈಲು ನಿಲ್ದಾಣವೂ ದೂರವಿರಬಾರದು. ಅದರ ಮೇಲೆ ರೋಟರಿ ಯಂತ್ರದ ಭಾರ ಮತ್ತು ಕಂಪನವನ್ನು ತಾಳಬಲ್ಲ ಅಡಿಪಾಯ, ಕಾಗದದ ಭಾರಿ ಸುರುಳಿಗಳನ್ನು ಇಳಿಸಿಕೊಳ್ಳಲು ಜಾಗ, ಇಡೀ ರಾತ್ರಿ ನಡೆಯುವ ಸದ್ದಿಗೆ ತಕರಾರು ಮಾಡದ ನೆರೆಹೊರೆ, ಇಷ್ಟೂ ಬೇಕು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ಅಂದಿನ ಮಥುರಾ ರಸ್ತೆಯ ಈ ಭಾಗವನ್ನು ಪತ್ರಿಕಾ ಪ್ರದೇಶವೆಂದು ಗುರುತಿಸಿ ನಿವೇಶನಗಳನ್ನು ಹಂಚಿದಾಗ ಈ ಅಗತ್ಯಗಳೆಲ್ಲವೂ ಒಮ್ಮೆಗೇ ಪೂರೈಸಿದಂತಾಯಿತು.

ಹೀಗೆ ಒಂದೆಡೆ ಗುಂಪುಗೂಡಿದ್ದರಿಂದ ಒದಗಬಹುದಾದ ಅಪಾಯವು 1975ರ ಜೂನ್ 25ರ ರಾತ್ರಿ ಪ್ರಕಟವಾಯಿತು. ತುರ್ತು ಪರಿಸ್ಥಿತಿಯ ಘೋಷಣೆಯೊಂದಿಗೆ ಈ ರಸ್ತೆಯ ಮುದ್ರಣಾಲಯಗಳಿಗೆ ವಿದ್ಯುತ್ ಸರಬರಾಜು ನಿಂತಿತು. ಮರುದಿನ ಅಲ್ಲಿನ ಪತ್ರಿಕೆಗಳು ಹೊರಬರುವುದು ಕಷ್ಟವಾಯಿತು. ಕನಾಟ್ ಪ್ಲೇಸ್ ಪ್ರದೇಶದಲ್ಲಿದ್ದ ಹಿಂದೂಸ್ತಾನ್ ಟೈಮ್ಸ್ ಮತ್ತು ಸ್ಟೇಟ್ಸ್‌ಮನ್ ಪತ್ರಿಕೆಗಳು ಬೇರೊಂದು ಸಂಸ್ಥೆಯಿಂದ ವಿದ್ಯುತ್ ಪಡೆಯುತ್ತಿದ್ದುದರಿಂದ ಆ ಪೆಟ್ಟಿನಿಂದ ಪಾರಾದವು. ಒಂದೇ ಫೀಡರ್‌ನ ಮೇಲೆ ಇಡೀ ಕೈಗಾರಿಕಾ ವಸಾಹತು ಅವಲಂಬಿಸಿರುವುದರ ಅರ್ಥವೇನೆಂಬುದನ್ನು ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ.

ಗುತ್ತಿಗೆಯ ಕರಾರು

ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಸಂಸ್ಥೆಗೆ ಈ ನಿವೇಶನಗಳು ದೊರೆತದ್ದು 1958ರ ಮಾರ್ಚ್ 17ರ ಶಾಶ್ವತ ಗುತ್ತಿಗೆ ಪತ್ರದ ಮೂಲಕ. ರಾಮನಾಥ ಗೋಯೆಂಕಾ ಅವರ ಈ ಪತ್ರಿಕಾ ಸಮೂಹ ಕನ್ನಡಿಗರಿಗೆ ಅಪರಿಚಿತವೇನಲ್ಲ. 1967ರಲ್ಲಿ ಬೆಂಗಳೂರಿನಿಂದ ‘ಕನ್ನಡಪ್ರಭ’ವನ್ನು ಆರಂಭಿಸಿದ್ದು ಇದೇ ಸಮೂಹ.

ಶಾಶ್ವತ ಗುತ್ತಿಗೆ ಎಂಬ ಪದದಲ್ಲಿರುವ ‘ಶಾಶ್ವತ’ ಎಂಬ ವಿಶೇಷಣವು ಅನೇಕರನ್ನು ದಾರಿ ತಪ್ಪಿಸುತ್ತದೆ. ಅವಧಿಗೆ ಕೊನೆಯಿಲ್ಲವೆಂಬುದಷ್ಟೇ ಅದರ ಅರ್ಥ, ಷರತ್ತುಗಳಿಲ್ಲವೆಂದಲ್ಲ. ಗುತ್ತಿಗೆದಾರನು ಆರಂಭದಲ್ಲಿ ಒಂದು ಇಡಿಗಂಟನ್ನು ಪ್ರೀಮಿಯಂ ರೂಪದಲ್ಲಿ ಸಲ್ಲಿಸುತ್ತಾನೆ; ಅನಂತರ ಪ್ರತಿವರ್ಷ ನೆಲಬಾಡಿಗೆ ಕಟ್ಟುತ್ತಾನೆ. ನಿವೇಶನವನ್ನು ಯಾವ ಉದ್ದೇಶಕ್ಕೆ ನೀಡಲಾಯಿತೋ ಅದೇ ಉದ್ದೇಶಕ್ಕೆ ಬಳಸಬೇಕು. ಪೂರ್ವಾನುಮತಿಯಿಲ್ಲದೆ ಕಟ್ಟಡವನ್ನು ವಿಸ್ತರಿಸುವಂತಿಲ್ಲ, ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ದೆಹಲಿಯಲ್ಲಿ ಕೇಂದ್ರದ ಪರವಾಗಿ ಇಂತಹ ಜಮೀನುಗಳನ್ನು ನೋಡಿಕೊಳ್ಳುವ ಭೂಮಿ ಮತ್ತು ಅಭಿವೃದ್ಧಿ ಕಚೇರಿಯು ಹಸ್ತಾಂತರಕ್ಕೆ ಅನುಮತಿ ನೀಡುವಾಗ ನೆಲದ ಬೆಲೆಯ ಏರಿಕೆಯಲ್ಲಿ ಸಾಮಾನ್ಯವಾಗಿ ಶೇ. 50ರಷ್ಟು ಪಾಲನ್ನು ಕೇಳುತ್ತದೆ. ಗುತ್ತಿಗೆದಾರನ ಶ್ರಮದಿಂದಲ್ಲದೆ ನಗರದ ಬೆಳವಣಿಗೆಯಿಂದ ಬಂದ ಏರಿಕೆಯಲ್ಲಿ ನೆಲದ ಒಡೆಯನಿಗೂ ಹಕ್ಕಿದೆ ಎಂಬುದು ಇದರ ಹಿಂದಿನ ತರ್ಕ. ಕರಾರು ಮುರಿದರೆ ‘ಮರುಪ್ರವೇಶ’, ಅಂದರೆ ಗುತ್ತಿಗೆಯನ್ನು ಕೊನೆಗೊಳಿಸಿ ನೆಲವನ್ನು ಮರಳಿ ವಶಪಡಿಸಿಕೊಳ್ಳುವ ಅಧಿಕಾರವು ಒಡೆಯನಿಗೆ ಉಳಿದಿರುತ್ತದೆ. ಗುತ್ತಿಗೆ ಪತ್ರದಲ್ಲಿ ಅತ್ಯಂತ ಕಡಿಮೆ ಓದಲ್ಪಡುವ ಪುಟವೂ ಇದೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಈ ನಿವೇಶನದಲ್ಲಿ ಮತ್ತೊಂದು ವಿಶೇಷವಿತ್ತು. ಅದರ ನಡುವೆ ನೆಲದಡಿಯಲ್ಲಿ ಒಳಚರಂಡಿಯ ಕೊಳವೆಯೊಂದು ಹಾದುಹೋಗಿತ್ತು. ಆ ಕಾರಣದಿಂದ ಮೂಲ ಕಟ್ಟಡವನ್ನು ಕೊಳವೆಯ ಪೂರ್ವಕ್ಕೆ ಕಟ್ಟಲಾಯಿತು. ಪಶ್ಚಿಮಕ್ಕೆ ಉಳಿದ 2,740 ಚದರ ಗಜಗಳಷ್ಟು ಜಾಗವನ್ನು ಹುಲ್ಲುಹಾಸು, ಕಾಲುದಾರಿ, ವಾಹನ ನಿಲುಗಡೆಗೆಂದು ತೆರವಾಗಿ ಇಡಬೇಕಾಯಿತು. ಮುಂದೆ ಕೊಳವೆಯ ಮಾರ್ಗವನ್ನು ಬದಲಿಸಲಾದಾಗ, ಖಾಲಿಯಿದ್ದ ಆ ಜಾಗಕ್ಕೆ ಕಟ್ಟಡದ ಯೋಗ್ಯತೆ ಬಂದಿತು. ಮುಂದಿನ ವ್ಯಾಜ್ಯವೆಲ್ಲವೂ ಹುಟ್ಟಿದ್ದು ಇಲ್ಲಿಂದ.

1978ರ ಅನುಮತಿ, 1980ರ ನೋಟಿಸು

ಹೊಸ ಮುದ್ರಣ ಯಂತ್ರಗಳಿಗಾಗಿ ಸಂಸ್ಥೆಯು ಪಶ್ಚಿಮ ಭಾಗದಲ್ಲಿ ಮತ್ತೊಂದು ಕಟ್ಟಡವನ್ನು ಯೋಜಿಸಿತು. ಜನತಾ ಸರ್ಕಾರದ ಅವಧಿಯಲ್ಲಿ, 1978ರಲ್ಲಿ, ಅಂದಿನ ಕಾಮಗಾರಿ ಮತ್ತು ವಸತಿ ಸಚಿವ ಸಿಕಂದರ್ ಬಖ್ತ್ ಅವರ ಮಟ್ಟದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಹಳೆಯ ಮತ್ತು ಹೊಸ ಕಟ್ಟಡಗಳೆರಡನ್ನೂ ಸೇರಿಸಿ ಎಫ್.ಎ.ಆರ್. 360ರಷ್ಟಿರಬಹುದು ಎಂಬುದು ಅನುಮತಿಯ ತಿರುಳು. ಅಂದರೆ ಪ್ರತಿ 100 ಚದರ ಅಡಿ ನೆಲಕ್ಕೆ ಎಲ್ಲ ಅಂತಸ್ತುಗಳನ್ನೂ ಕೂಡಿಸಿ 360 ಚದರ ಅಡಿ ಕಟ್ಟಬಹುದು. ನಗರಪಾಲಿಕೆಯು ನಕ್ಷೆಯನ್ನು ಮಂಜೂರು ಮಾಡಿತು, ಹಣ ಹೂಡಲಾಯಿತು, ಕಟ್ಟಡ ಮೇಲೇರತೊಡಗಿತು.

1980ರ ಜನವರಿಯಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತು. ಫೆಬ್ರವರಿಯಲ್ಲಿ ದೆಹಲಿಗೆ ಹೊಸ ಉಪರಾಜ್ಯಪಾಲರು ಬಂದರು. ಮಾರ್ಚ್ 1ರಂದು ನಗರಪಾಲಿಕೆಯಿಂದ ಒಂದು ನೋಟಿಸು ಬಂದಿತು: ಮಂಜೂರಾತಿಯಿಲ್ಲದೆ ಎರಡನೆಯ ನೆಲಮಾಳಿಗೆಯನ್ನು ಕಟ್ಟಲಾಗಿದೆ, ಅದನ್ನೇಕೆ ಕೆಡವಬಾರದು? ಮಾರ್ಚ್ 10ರಂದು ಭೂಮಿ ಮತ್ತು ಅಭಿವೃದ್ಧಿ ಕಚೇರಿಯಿಂದ ಮತ್ತೊಂದು: ಗುತ್ತಿಗೆಯ ಷರತ್ತುಗಳು ಉಲ್ಲಂಘನೆಯಾಗಿವೆ, ಮರುಪ್ರವೇಶ ಏಕೆ ಮಾಡಬಾರದು? ಹತ್ತು ದಿನಗಳ ಅಂತರದಲ್ಲಿ ಬಂದ ಈ ಎರಡು ಕಾಗದಗಳು ಕಟ್ಟಡದ ಅಸ್ತಿತ್ವವನ್ನೇ ಪ್ರಶ್ನಿಸಿದವು. ಸಂಸ್ಥೆಯು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಸರ್ಕಾರದ ವಾದ ಸರಳವಾಗಿತ್ತು: ತೆರವಾಗಿರಬೇಕಿದ್ದ ಜಾಗದಲ್ಲಿ ಕಟ್ಟಡವೆದ್ದಿದೆ, ಹಿಂದಿನ ಸಚಿವರು ಕೊಟ್ಟ ಒಪ್ಪಿಗೆ ಕ್ರಮಬದ್ಧವಲ್ಲ, ಒಡೆಯನು ತನ್ನ ಕರಾರಿನ ಹಕ್ಕನ್ನು ಚಲಾಯಿಸುತ್ತಿದ್ದಾನೆ, ಅಷ್ಟೆ.

1985ರ ತೀರ್ಪು

1985ರ ಅಕ್ಟೋಬರ್ 7ರಂದು ನ್ಯಾಯಮೂರ್ತಿಗಳಾದ ಎ.ಪಿ. ಸೇನ್, ಇ.ಎಸ್. ವೆಂಕಟರಾಮಯ್ಯ ಮತ್ತು ಆರ್.ಬಿ. ಮಿಶ್ರಾ ಅವರ ಪೀಠವು ಎರಡೂ ನೋಟಿಸುಗಳನ್ನು ರದ್ದುಪಡಿಸಿತು. ಪೀಠದ ಸದಸ್ಯರಾಗಿದ್ದ ವೆಂಕಟರಾಮಯ್ಯನವರು ಮಂಡ್ಯ ಜಿಲ್ಲೆಯವರು, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು. ಇದಕ್ಕೆ ಹತ್ತು ತಿಂಗಳು ಮುಂಚೆ, 1984ರ ಡಿಸೆಂಬರ್‌ನಲ್ಲಿ, ಪತ್ರಿಕಾ ಕಾಗದದ ಆಮದು ಸುಂಕದ ಪ್ರಸಿದ್ಧ ತೀರ್ಪನ್ನು ಬರೆದವರೂ ಅವರೇ. ಸಹಾಯಕ ಸುಂಕವೂ ಸೇರಿ ಟನ್ನಿಗೆ 825 ರೂಪಾಯಿಗಳಷ್ಟಿದ್ದ ಸುಂಕವನ್ನು ಸರ್ಕಾರವು ಪುನಃ ಪರಿಶೀಲಿಸಬೇಕೆಂದು ಆಗ ನ್ಯಾಯಾಲಯ ನಿರ್ದೇಶಿಸಿತ್ತು. ಕಚ್ಚಾವಸ್ತುವಿನ ಮೇಲಿನ ತೆರಿಗೆಯಿಂದಲೂ ಒಂದು ಉದ್ಯಮದ ಬಾಯಿ ಕಟ್ಟಬಹುದು ಎಂಬ ವಿಚಾರವನ್ನು ಆ ತೀರ್ಪಿನಷ್ಟು ವಿವರವಾಗಿ ಚರ್ಚಿಸಿದ ದಾಖಲೆಗಳು ವಿರಳ.

ಎಕ್ಸ್‌ಪ್ರೆಸ್ ಭವನದ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಒಂದೇ ತೀರ್ಮಾನಕ್ಕೆ ಬೇರೆ ಬೇರೆ ಹಾದಿಗಳಿಂದ ಬಂದರು. ನ್ಯಾ. ಸೇನ್ ಅವರು ನೋಟಿಸುಗಳ ಹಿಂದೆ ದುರುದ್ದೇಶವನ್ನು ಕಂಡರು. ಕೇಂದ್ರದ ಗುತ್ತಿಗೆ ಜಮೀನಿನ ವಿಷಯದಲ್ಲಿ ಉಪರಾಜ್ಯಪಾಲರಿಗೆ ಅಧಿಕಾರವೇ ಇರಲಿಲ್ಲವೆಂದರು. ‘ಪ್ರಾಮಿಸರಿ ಎಸ್ಟಾಪಲ್’ ತತ್ತ್ವವನ್ನೂ ಅನ್ವಯಿಸಿದರು. ಒಬ್ಬನ ಸ್ಪಷ್ಟ ಭರವಸೆಯನ್ನು ನಂಬಿ ಮತ್ತೊಬ್ಬನು ಹಣ ತೊಡಗಿಸಿ ತನ್ನ ಸ್ಥಿತಿಯನ್ನು ಬದಲಿಸಿಕೊಂಡ ಮೇಲೆ, ಭರವಸೆ ಕೊಟ್ಟವನು ಹಿಂದೆ ಸರಿಯುವಂತಿಲ್ಲ ಎಂಬುದು ಆ ತತ್ತ್ವ. ಸಚಿವರು ಬದಲಾದರೂ ಸರ್ಕಾರ ಬದಲಾಗುವುದಿಲ್ಲ; ಅಧಿಕಾರವ್ಯಾಪ್ತಿಯೊಳಗೆ ಕೊಟ್ಟ ಅನುಮತಿ ಮುಂದಿನವರನ್ನೂ ಕಟ್ಟಿಹಾಕುತ್ತದೆ. ನ್ಯಾ. ವೆಂಕಟರಾಮಯ್ಯನವರು ಹೆಚ್ಚು ಸಂಯಮದ ದಾರಿ ಹಿಡಿದರು. ನೋಟಿಸುಗಳು ಸ್ವೇಚ್ಛೆಯಿಂದ ಕೂಡಿವೆ, ಆದ್ದರಿಂದ ನಿಲ್ಲಲಾರವು ಎಂಬಲ್ಲಿಗೆ ಅವರು ನಿಂತರು. ಗುತ್ತಿಗೆಯ ಕರಾರಿನಿಂದ ಹುಟ್ಟುವ ಪ್ರಶ್ನೆಗಳನ್ನು ಸಿವಿಲ್ ನ್ಯಾಯಾಲಯಕ್ಕೆ ಬಿಡುವುದು ಸೂಕ್ತವೆಂದರು.

ಗೆಲುವಿನ ಸಂಭ್ರಮದಲ್ಲಿ ಮರೆತುಹೋಗುವ ಭಾಗ ಇದು. ನೋಟಿಸು ರದ್ದಾಯಿತೆಂದ ಮಾತ್ರಕ್ಕೆ ನೆಲದ ಒಡೆಯನ ಬಾಕಿ ರದ್ದಾಗಲಿಲ್ಲ. ತೆರವಾಗಿದ್ದ ಜಾಗವು ಕಟ್ಟಡದ ಜಾಗವಾಗಿ ಪರಿವರ್ತನೆಯಾದಾಗ ಅದಕ್ಕೆ ಸಲ್ಲಬೇಕಾದ ಪರಿವರ್ತನಾ ಶುಲ್ಕ ಮತ್ತು ಹೆಚ್ಚುವರಿ ನೆಲಬಾಡಿಗೆಯನ್ನು ಸರ್ಕಾರವು ದಾವೆ ಹೂಡಿ ಕೇಳಬಹುದಾಗಿತ್ತು. ಸರ್ಕಾರವು ಆಳುವ ಅಧಿಕಾರವನ್ನು ಬಳಸಿ ಗುತ್ತಿಗೆದಾರನನ್ನು ಹೊರಹಾಕುವಂತಿಲ್ಲ. ಒಡೆಯನಾಗಿ ತನಗೆ ಬರಬೇಕಾದುದನ್ನು ಕೇಳುವುದಕ್ಕೆ ಅಡ್ಡಿಯಿಲ್ಲ.

ಈ ತೀರ್ಪನ್ನು ಎಲ್ಲ ಸಂದರ್ಭಗಳಿಗೂ ರಕ್ಷಾಕವಚವೆಂದು ಭಾವಿಸುವುದೂ ತಪ್ಪಾದೀತು. ಗುತ್ತಿಗೆದಾರನೇ ಕಟ್ಟಿದ ಕಟ್ಟಡವನ್ನು 1971ರ ಸಾರ್ವಜನಿಕ ಆವರಣಗಳ ಕಾಯಿದೆಯಡಿ ಶೀಘ್ರ ಕ್ರಮದಿಂದ ತೆರವುಗೊಳಿಸಲಾಗದೆಂಬ ಅಭಿಪ್ರಾಯವೂ ನ್ಯಾ. ಸೇನ್ ಅವರ ತೀರ್ಪಿನಲ್ಲಿತ್ತು. 1990ರಲ್ಲಿ ಅಶೋಕಾ ಮಾರ್ಕೆಟಿಂಗ್ ಪ್ರಕರಣದ ಸಂವಿಧಾನ ಪೀಠವು, ನ್ಯಾಯಸಮ್ಮತವಾಗಿ ಒಳಬಂದವನಾದರೂ ಗುತ್ತಿಗೆಯು ಕೊನೆಗೊಂಡ ಮೇಲೆ ಉಳಿದುಕೊಂಡರೆ ಅನಧಿಕೃತ ಅನುಭೋಗದಾರನೇ ಆಗುತ್ತಾನೆಂದು ಸ್ಪಷ್ಟಪಡಿಸಿತು. ಆದಕಾರಣ ಗುತ್ತಿಗೆ ಊರ್ಜಿತದಲ್ಲಿರುವಂತೆ ನೋಡಿಕೊಳ್ಳುವುದೇ ಮುಖ್ಯ. ಅದು ಕೈತಪ್ಪಿದ ಬಳಿಕ ಕಟ್ಟಡ ಕಟ್ಟಿದವರು ಯಾರೆಂಬ ವಾದಕ್ಕೆ ಹೆಚ್ಚಿನ ಬಲವಿಲ್ಲ.

ಮತ್ತೊಂದು ಸುತ್ತು

1987ರಲ್ಲಿ ಸರ್ಕಾರವು ಗುತ್ತಿಗೆಯನ್ನೇ ಕೊನೆಗೊಳಿಸುವ ನೋಟಿಸನ್ನು ಕೊಟ್ಟಿತು. ಈ ಬಾರಿ ವ್ಯಾಜ್ಯವು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆಯ ರೂಪದಲ್ಲಿ ನಡೆಯಿತು. ರಾಮನಾಥ ಗೋಯೆಂಕಾ ಅವರು 1991ರಲ್ಲಿ ತೀರಿಕೊಂಡರು. ಅನಂತರ ಪತ್ರಿಕಾ ಸಮೂಹವು ಕುಟುಂಬದಲ್ಲಿ ಉತ್ತರ, ದಕ್ಷಿಣಗಳೆಂದು ವಿಭಜನೆಯಾಯಿತು. ಪುಟಗಳನ್ನು ತಂತಿ, ಉಪಗ್ರಹಗಳ ಮೂಲಕ ಎಲ್ಲಿಗೆ ಬೇಕಾದರೂ ಕಳುಹಿಸಬಹುದಾದ ಮೇಲೆ ಮುದ್ರಣಾಲಯವು ನಗರದ ನಡುವೆ ಇರಬೇಕಾದ ಅಗತ್ಯ ಉಳಿಯಲಿಲ್ಲ. ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯ ಕಚೇರಿ ನೋಯ್ಡಾಕ್ಕೆ ಸ್ಥಳಾಂತರಗೊಂಡಿತು. ದಾವೆ ಮಾತ್ರ ಇದ್ದಲ್ಲೇ ಇತ್ತು. 2024ರ ಆಗಸ್ಟ್ ತಿಂಗಳಲ್ಲಿ ಉಚ್ಚ ನ್ಯಾಯಾಲಯವು 1987ರ ನೋಟಿಸು ಊರ್ಜಿತವಲ್ಲವೆಂದು ತೀರ್ಪಿತ್ತು, ಸಂಸ್ಥೆಯು ಪರಿವರ್ತನಾ ಶುಲ್ಕ ಮತ್ತು ಹೆಚ್ಚುವರಿ ನೆಲಬಾಡಿಗೆಯಾಗಿ ಸುಮಾರು 64 ಲಕ್ಷ ರೂಪಾಯಿಗಳನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂದು ಆದೇಶಿಸಿತು. ನೋಟಿಸಿನಿಂದ ತೀರ್ಪಿಗೆ 37 ವರ್ಷಗಳು. ರಾಜಧಾನಿಯ ನಡುವಿನ ನಿವೇಶನದ ಮೌಲ್ಯಕ್ಕೆ ಹೋಲಿಸಿದರೆ 64 ಲಕ್ಷವು ದೊಡ್ಡ ಮೊತ್ತವಲ್ಲ. ಆದರೆ ಅಷ್ಟೂ ವರ್ಷ ಕಟ್ಟಡದ ಹಕ್ಕು ಅನಿಶ್ಚಿತವಾಗಿದ್ದುದರ ಬೆಲೆಯನ್ನು ಯಾವ ಡಿಕ್ರಿಯೂ ಲೆಕ್ಕ ಹಾಕುವುದಿಲ್ಲ. ಹಕ್ಕಿನ ಮೇಲೆ ವ್ಯಾಜ್ಯವಿರುವ ಆಸ್ತಿಯನ್ನು ಭದ್ರತೆಯಾಗಿ ಸ್ವೀಕರಿಸಲು ಬ್ಯಾಂಕುಗಳು ಹಿಂಜರಿಯುತ್ತವೆ, ಕೊಳ್ಳುವವರು ಹತ್ತಿರ ಸುಳಿಯುವುದಿಲ್ಲ.

ಇದೇ ರಸ್ತೆಯ ಹೆರಾಲ್ಡ್ ಹೌಸ್ ಪ್ರಕರಣದಲ್ಲಿ ಪ್ರಶ್ನೆ ಬೇರೆಯಾಗಿತ್ತು. ಅಲ್ಲಿ ಕಟ್ಟಡದ ವಿಸ್ತರಣೆಗಿಂತ ಉದ್ದೇಶದ ಪಾಲನೆ ಚರ್ಚೆಗೆ ಬಂದಿತು. ಮುದ್ರಣ ಚಟುವಟಿಕೆ ನಡೆಯುತ್ತಿಲ್ಲವೆಂಬ ಆಧಾರದ ಮೇಲೆ ಭೂಮಿ ಮತ್ತು ಅಭಿವೃದ್ಧಿ ಕಚೇರಿಯು 2018ರ ಅಕ್ಟೋಬರ್‌ನಲ್ಲಿ ಗುತ್ತಿಗೆಯನ್ನು ಕೊನೆಗೊಳಿಸಿತು. ಪ್ರಕಟಣೆಯನ್ನು ಪುನರಾರಂಭಿಸಲಾಗಿದೆ ಎಂಬುದು ಸಂಸ್ಥೆಯ ವಾದ. ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2018ರ ಡಿಸೆಂಬರ್‌ನಲ್ಲಿ, ವಿಭಾಗೀಯ ಪೀಠವು 2019ರ ಫೆಬ್ರವರಿಯಲ್ಲಿ ಸರ್ಕಾರದ ಕ್ರಮವನ್ನು ಎತ್ತಿಹಿಡಿದವು. 2019ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿಗೆ ತಡೆಯಾಜ್ಞೆ ನೀಡಿತು. ಆ ಪ್ರಕರಣದ ರಾಜಕೀಯವನ್ನು ಬದಿಗಿಟ್ಟು ನೋಡಿದರೂ ವಿಷಯ ಗಂಭೀರವಾದುದು. ನಿವೇಶನ ಕೊಟ್ಟ ಉದ್ದೇಶಕ್ಕೆ ಸಂಬಂಧಿಸಿದ ಯಂತ್ರಗಳು ನಿಂತರೆ ನಿವೇಶನದ ಮೇಲಿನ ಹಕ್ಕೂ ಪ್ರಶ್ನೆಗೆ ಒಳಗಾಗಬಹುದು.

ಕರ್ನಾಟಕದ ಕೈಗಾರಿಕಾ ನಿವೇಶನಗಳು

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಗುತ್ತಿಗೆ ಮತ್ತು ಮಾರಾಟ ಕರಾರಿನಡಿ ನಿವೇಶನ ಪಡೆದವರು ಈ ಎರಡು ಪ್ರಕರಣಗಳಲ್ಲಿಯೂ ತಮ್ಮ ಪರಿಸ್ಥಿತಿಯ ಛಾಯೆಯನ್ನು ಕಾಣಬಹುದು. ದೆಹಲಿಯ ಶಾಶ್ವತ ಗುತ್ತಿಗೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಇಲ್ಲಿ ಯೋಜನೆಯನ್ನು ಅನುಷ್ಠಾನಗೊಳಿಸಿ ಷರತ್ತುಗಳನ್ನು ಪೂರೈಸಿದರೆ ಕ್ರಯಪತ್ರವಾಗುತ್ತದೆ, ನೆಲವು ತನ್ನದಾಗುತ್ತದೆ. ಆದರೆ ಕ್ರಯಪತ್ರವಾಗುವವರೆಗೆ ಉದ್ಯಮಿಯು ಗುತ್ತಿಗೆದಾರನೇ. ಗೊತ್ತುಪಡಿಸಿದ ಅವಧಿಯಲ್ಲಿ ಕಟ್ಟಡ ಕಟ್ಟಿ ಉತ್ಪಾದನೆ ಆರಂಭಿಸದಿದ್ದರೆ, ಮಂಜೂರಾದ ಉತ್ಪನ್ನದ ಬದಲು ಬೇರೊಂದನ್ನು ತಯಾರಿಸತೊಡಗಿದರೆ, ಮಂಡಳಿಗೆ ತಿಳಿಸದೆ ಅರ್ಧ ಶೆಡ್ಡನ್ನು ಗೋದಾಮಿಗೆಂದು ಬಾಡಿಗೆಗೆ ಕೊಟ್ಟರೆ, ಪಾಲುದಾರಿಕೆ ಸಂಸ್ಥೆಯನ್ನು ಖಾಸಗಿ ಕಂಪನಿಯಾಗಿ ಪರಿವರ್ತಿಸಿ ಹೆಸರು ಬದಲಾವಣೆಗೆ ಅರ್ಜಿ ಹಾಕುವುದನ್ನು ಮುಂದೂಡುತ್ತ ಹೋದರೆ, ಇವೆಲ್ಲವೂ ಕಡತದಲ್ಲಿ ಉಲ್ಲಂಘನೆಗಳಾಗಿಯೇ ಕುಳಿತಿರುತ್ತವೆ. ಕ್ರಯಪತ್ರ ಕೇಳಲು ಹೋದ ದಿನ ಅವು ಒಟ್ಟಾಗಿ ಎದ್ದು ಬರುತ್ತವೆ.

ಆಸ್ತಿ ವರ್ಗಾವಣೆ ಕಾಯಿದೆಯು ಗುತ್ತಿಗೆದಾರನಿಗೆ ಕೆಲವು ಆಸರೆಗಳನ್ನು ಕೊಟ್ಟಿದೆ. ಬಾಡಿಗೆ ಬಾಕಿಯ ಕಾರಣ ಗುತ್ತಿಗೆ ರದ್ದಾದರೆ, ತೆರವಿನ ದಾವೆಯ ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚುಗಳನ್ನು ಕಟ್ಟಿ ಪರಿಹಾರ ಕೋರಲು 114ನೇ ಕಲಮು ಅವಕಾಶ ನೀಡುತ್ತದೆ. ಬೇರೆ ಷರತ್ತು ಮುರಿದಿದ್ದರೆ, ಉಲ್ಲಂಘನೆ ಏನೆಂದು ನಿರ್ದಿಷ್ಟವಾಗಿ ತಿಳಿಸಿ ಸರಿಪಡಿಸಿಕೊಳ್ಳಲು ಲಿಖಿತ ನೋಟಿಸು ಕೊಡದೆ ಒಡೆಯನು ತೆರವಿನ ದಾವೆ ಹೂಡಲಾಗದೆಂದು 114-ಎ ಕಲಮು ಹೇಳುತ್ತದೆ. ಆದರೆ ಅನುಮತಿಯಿಲ್ಲದೆ ಒಳಗುತ್ತಿಗೆ ಕೊಡುವ ಅಥವಾ ಪರಭಾರೆ ಮಾಡುವ ಉಲ್ಲಂಘನೆಗೆ ಈ ಎರಡನೆಯ ಆಸರೆ ಸಿಗುವುದಿಲ್ಲ. ಉದ್ಯಮಿಗಳು ಹಗುರವಾಗಿ ಭಾವಿಸುವ ತಪ್ಪನ್ನೇ ಕಾನೂನು ಕಠಿಣವಾಗಿ ನೋಡಿರುವುದು ಗಮನಾರ್ಹ. ಸರ್ಕಾರಿ ಅನುದಾನದ ಜಮೀನಿನಲ್ಲಿ ಅನುದಾನ ಪತ್ರದ ಷರತ್ತುಗಳೇ ಮೇಲುಗೈ ಪಡೆಯುವ ಸಂದರ್ಭಗಳೂ ಉಂಟು. ಆದ್ದರಿಂದ ಮೂಲಪತ್ರವನ್ನು ವಕೀಲರಿಗೆ ತೋರಿಸದೆ ಕಾಯಿದೆಯ ಮೇಲೆ ಭರವಸೆಯಿಡುವುದು ಜಾಣತನವಲ್ಲ.

ಎಕ್ಸ್‌ಪ್ರೆಸ್ ಸಂಸ್ಥೆಯ ಕೈಹಿಡಿದದ್ದು ಮುಖ್ಯವಾಗಿ ಕಾಗದಪತ್ರ. ಅನುಮತಿಯು ಸಚಿವಾಲಯದ ಕಡತದಲ್ಲಿತ್ತು, ನಕ್ಷೆಗೆ ಮಂಜೂರಾತಿಯಿತ್ತು, ಆ ಬಳಿಕ ಹಣ ಖರ್ಚಾದುದಕ್ಕೆ ದಾಖಲೆಯಿತ್ತು. ಅಧಿಕಾರಿಯೊಬ್ಬರು ಬಾಯಿಮಾತಿನಲ್ಲಿ ‘ಮಾಡಿಕೊಳ್ಳಿ, ಆಮೇಲೆ ನೋಡೋಣ’ ಎಂದದ್ದನ್ನು ನಂಬಿ ಮೊದಲ ಅಂತಸ್ತು ಏರಿಸಿದವನಿಗೆ ಪ್ರಾಮಿಸರಿ ಎಸ್ಟಾಪಲ್ ತತ್ತ್ವದಿಂದ ಪ್ರಯೋಜನವಾಗುವುದು ಸಂದೇಹ.

ಲೆಕ್ಕಪತ್ರಗಳಲ್ಲಿ

ಇಂತಹ ನಿವೇಶನವನ್ನು ಅಢಾವೆ ಪತ್ರಿಕೆಯಲ್ಲಿ ಬರಿದೆ ‘ಭೂಮಿ’ ಎಂದು ತೋರಿಸುವ ರೂಢಿ ಹಲವು ಸಂಸ್ಥೆಗಳಲ್ಲಿದೆ. ಅದು ‘ಗುತ್ತಿಗೆ ಭೂಮಿ’ ಎಂದು ಪ್ರತ್ಯೇಕವಾಗಿ ಕಾಣಬೇಕು. ಗುತ್ತಿಗೆಗೆ ನಿರ್ದಿಷ್ಟ ಅವಧಿಯಿದ್ದರೆ ಕೊಟ್ಟ ಪ್ರೀಮಿಯಂ ಅನ್ನು ಆ ಅವಧಿಗೆ ಹಂಚಿ ಖರ್ಚು ಹಾಕಬೇಕು. ಕ್ರಯಪತ್ರವಾಗುವುದು ಖಚಿತವಿದ್ದಲ್ಲಿ ವಿಷಯ ಬೇರೆ. ಒಡೆಯನಿಂದ ಬೇಡಿಕೆಯ ನೋಟಿಸು ಬಂದಿದ್ದು ಅದನ್ನು ಪ್ರಶ್ನಿಸಲಾಗಿದ್ದರೆ, ಲೆಕ್ಕ ಮಾನಕ 29ರ ಪ್ರಕಾರ ಹಣ ಹೊರಹೋಗುವ ಸಂಭವವನ್ನು ತೂಗಿ ನೋಡಿ, ಹೆಚ್ಚಿದ್ದರೆ ಅವಕಾಶ ಕಲ್ಪಿಸಬೇಕು, ಇಲ್ಲದಿದ್ದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ಕಾಣಿಸಬೇಕು. ನೋಟಿಸನ್ನು ಕಪಾಟಿನಲ್ಲಿಟ್ಟು ಲೆಕ್ಕಪರಿಶೋಧಕರಿಗೆ ತೋರಿಸದಿದ್ದರೆ ಹೊಣೆ ಕಡಿಮೆಯಾಗುವುದಿಲ್ಲ. ಬ್ಯಾಂಕಿನವರು ಹಕ್ಕುಪತ್ರದ ಪರಿಶೀಲನೆ ಮಾಡಿಸಿದಾಗ ಅದು ಹೇಗಾದರೂ ಹೊರಬರುತ್ತದೆ.

ಕೊನೆಗೆ ಹಣ ಕಟ್ಟುವ ದಿನ ಬಂದಾಗಲೂ ವಿಂಗಡಣೆ ಅಗತ್ಯ. ಹೆಚ್ಚುವರಿ ಜಾಗದಲ್ಲಿ ಕಟ್ಟುವ ಹಕ್ಕಿಗಾಗಿ ಕೊಟ್ಟ ಪರಿವರ್ತನಾ ಶುಲ್ಕವು ಬಂಡವಾಳ ಸ್ವರೂಪದ್ದು, ಆಸ್ತಿಯ ವೆಚ್ಚಕ್ಕೆ ಸೇರುವಂತಹುದು. ಕಳೆದ ವರ್ಷಗಳ ನೆಲಬಾಡಿಗೆ ಮತ್ತು ಅದರ ಮೇಲಿನ ಬಡ್ಡಿ ರೆವಿನ್ಯೂ ಖರ್ಚು. ಷರತ್ತಿನ ಉಲ್ಲಂಘನೆಗೆ ತೆತ್ತ ದಂಡದ ಭಾಗವಿದ್ದರೆ ಅದರ ತೆರಿಗೆ ಪರಿಣಾಮ ಮತ್ತೂ ಬೇರೆ. ಮೂರನ್ನೂ ಒಂದೇ ಚಲನ್‌ನಲ್ಲಿ ಕಟ್ಟಬೇಕಾಗಿ ಬಂದರೆ, ಪ್ರತಿಯೊಂದರ ಮೊತ್ತ ಎಷ್ಟೆಂಬ ವಿವರವನ್ನು ಮಂಡಳಿ ಅಥವಾ ಇಲಾಖೆಯಿಂದ ಪಾವತಿಗೆ ಮೊದಲೇ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಸೂಕ್ತ. ಪಾವತಿಯಾದ ನಂತರ ಅಂತಹ ಪತ್ರ ದೊರೆಯಲು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.